ಮಠವೇ ಹೋಟೆಲ್ ಆದಾಗ: ಸ್ಪೇನಿನ ಸಾಂತೊ ಎಸ್ತೆವೊದಲ್ಲಿ ತಂಗುವ ಕುರಿತು

ಪಶ್ಚಿಮವಾಹಿನಿ:

ಹಳೆಯ ಕ್ರೈಸ್ತ ಮಠಗಳನ್ನು ಐಷಾರಾಮಿ ಹೋಟೆಲುಗಳಾಗಿ ಮಾರ್ಪಡಿಸುವುದು ಸರಿಯೇ ಎಂಬ ಪ್ರಶ್ನೆ ಈ ವೇದಿಕೆಯಲ್ಲಿ ಆಗಾಗ ಬರುತ್ತದೆ. ಅಂಥದ್ದೊಂದು ಕಟ್ಟಡದಲ್ಲಿ ಇತ್ತೀಚೆಗೆ ತಂಗಿ ಬಂದಿರುವುದರಿಂದ, ಅಲ್ಲಿ ಕಂಡದ್ದನ್ನೂ ಅದರ ಹಿಂದಿನ ಇತಿಹಾಸವನ್ನೂ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಸ್ಪೇನಿನ ವಾಯವ್ಯ ಮೂಲೆಯಲ್ಲಿರುವ ಗಲೀಸಿಯಾದ ಓರೆನ್ಸೆ ನಗರದಿಂದ ಅರ್ಧ ಮುಕ್ಕಾಲು ಗಂಟೆ ಅಂಕುಡೊಂಕಾದ ರಸ್ತೆಯಲ್ಲಿ ಹೋದರೆ, ಸಿಲ್ ನದಿಯ ಆಳವಾದ ಕಣಿವೆಯ ಮೇಲ್ಭಾಗದಲ್ಲಿ, ಚೆಸ್ಟ್‌ನಟ್ ಮರಗಳ ಕಾಡಿನ ನಡುವೆ ಸಾಂತೊ ಎಸ್ತೆವೊ ದೆ ರಿಬಾಸ್ ದೆ ಸಿಲ್ ಎಂಬ, ಸಂತ ಬೆನೆಡಿಕ್ಟನ ನಿಯಮವನ್ನು ಪಾಲಿಸುವ ಬೆನೆಡಿಕ್ಟಿನ್ ಪಂಥದ ಮಠ ಎದುರಾಗುತ್ತದೆ. ಇದರ ಮೂಲ ಆರನೆಯ ಶತಮಾನದ್ದೆಂದು ಪ್ರತೀತಿ; ಆದರೆ ದಾಖಲೆಗಳಲ್ಲಿ ಖಚಿತವಾಗಿ ಸಿಗುವುದು ಹತ್ತನೆಯ ಶತಮಾನದಿಂದ ಈಚೆಗೆ. 921ರಲ್ಲಿ ರಾಜ ಎರಡನೆಯ ಓರ್ಡೋನ್ಯೊ, ಪಾಳುಬಿದ್ದಿದ್ದ ಈ ಜಾಗವನ್ನು ಫ್ರಾಂಕಿಲಾ ಎಂಬ ಮಠಾಧಿಪತಿಗೆ ಕೊಟ್ಟು, ಮಠವನ್ನು ಮತ್ತೆ ಕಟ್ಟಲು ಅನುಮತಿ ನೀಡಿದ. ನಂತರದ ಕಾಲದಲ್ಲಿ ಒಂಬತ್ತು ಮಂದಿ ಬಿಷಪ್ಪರು ತಮ್ಮ ತಮ್ಮ ಪೀಠಗಳನ್ನು ತೊರೆದು ಇಲ್ಲಿಗೆ ಬಂದು ಸಾಮಾನ್ಯ ಸನ್ಯಾಸಿಗಳಂತೆ ಬಾಳಿ ಇಲ್ಲಿಯೇ ತೀರಿಕೊಂಡರೆಂಬುದು ಈ ಮಠದ ಹೆಗ್ಗಳಿಕೆ. ಮಠದ ಲಾಂಛನದಲ್ಲಿ ಇಂದಿಗೂ ಒಂಬತ್ತು ಬಿಷಪ್ ಕಿರೀಟಗಳಿವೆ. ಆ ಬಿಷಪ್ಪರ ಉಂಗುರಗಳು ಪವಾಡ ಮಾಡುತ್ತವೆಂಬ ನಂಬಿಕೆ ಶತಮಾನಗಳ ಕಾಲ ಈ ಸೀಮೆಯಲ್ಲಿತ್ತು; ಅವು ಎಂದೋ ಕಳೆದುಹೋದವೆಂದು ಎಲ್ಲರೂ ತಿಳಿದಿದ್ದರು. ಕೆಲವೇ ವರ್ಷಗಳ ಹಿಂದೆ ಇಗರ್ಜಿಯ ಜೀರ್ಣೋದ್ಧಾರದ ಸಮಯದಲ್ಲಿ ನಾಲ್ಕು ಉಂಗುರಗಳು ಒಂದು ಸಣ್ಣ ಪೊಟ್ಟಣದಲ್ಲಿ ಸಿಕ್ಕಿದಾಗ ಅದು ಸ್ಪೇನಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು.

ಕಟ್ಟಡದ ಜೀವ ಇರುವುದು ಅದರ ಮೂರು ಒಳ ಅಂಗಳಗಳಲ್ಲಿ. ನಮ್ಮ ತೊಟ್ಟಿಮನೆಯ ತೊಟ್ಟಿಯನ್ನು ಹತ್ತು ಪಟ್ಟು ಹಿಗ್ಗಿಸಿ, ಸುತ್ತಲಿನ ಜಗಲಿಗೆ ಕಲ್ಲಿನ ಕಮಾನುಗಳನ್ನು ನಿಲ್ಲಿಸಿದರೆ ಹೇಗಿರುತ್ತದೋ ಹಾಗೆ ಇವುಗಳ ರಚನೆ. ಮೂರರಲ್ಲಿ ಅತ್ಯಂತ ಹಳೆಯದು ಬಿಷಪ್ಪರ ಅಂಗಳ. ಅದರ ಕೆಳಗಿನ ಅಂತಸ್ತು ರೊಮಾನೆಸ್ಕ್ ಶೈಲಿಯ ದುಂಡು ಕಮಾನುಗಳಿಂದ ಕೂಡಿದೆ; ಮೇಲಿನ ಭಾಗವನ್ನೂ ಶಿಖರದಂಥ ಅಲಂಕಾರಗಳನ್ನೂ ಶತಮಾನಗಳ ನಂತರ ಗಾಥಿಕ್ ಶೈಲಿಯಲ್ಲಿ ಸೇರಿಸಿದ್ದಾರೆ. ಎರಡು ಕಾಲದ ಕುಶಲಕರ್ಮಿಗಳ ಕೈ ಒಂದೇ ಗೋಡೆಯ ಮೇಲೆ, ಒಂದನ್ನೊಂದು ಅಳಿಸದೆ ನಿಂತಿರುವುದನ್ನು ನೋಡುತ್ತ ಅಲ್ಲಿ ಎಷ್ಟು ಹೊತ್ತು ಕುಳಿತರೂ ಸಾಲದು. ಉಳಿದೆರಡು ಅಂಗಳಗಳು ಯುರೋಪಿನ ನವೋದಯ (ರಿನೈಸಾನ್ಸ್) ಕಾಲದವು. ಅವು ದೊಡ್ಡವು, ಅಚ್ಚುಕಟ್ಟಾದವು, ಆದರೆ ನನ್ನನ್ನು ಅಷ್ಟಾಗಿ ಹಿಡಿದು ನಿಲ್ಲಿಸಲಿಲ್ಲ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಇಗರ್ಜಿಯಲ್ಲಿ ಕ್ರಿಸ್ತನನ್ನೂ ಹನ್ನೆರಡು ಶಿಷ್ಯರನ್ನೂ ಕೆತ್ತಿದ ಒಂದು ಕಲ್ಲಿನ ಫಲಕವಿದೆ. ಅದನ್ನು ನೋಡದೆ ಯಾರೂ ಹಿಂತಿರುಗಬಾರದು.

1835 ಮತ್ತು 1836ರಲ್ಲಿ ಸ್ಪೇನಿನ ಸರ್ಕಾರ ಮಠಗಳನ್ನು ಮುಚ್ಚಿ ಅವುಗಳ ಆಸ್ತಿಯನ್ನು ಹರಾಜಿಗೆ ಹಾಕಿದಾಗ ಸನ್ಯಾಸಿಗಳು ಇಲ್ಲಿಂದ ಹೊರನಡೆದರು. ಆಮೇಲೆ ಛಾವಣಿ ಕುಸಿಯಿತು, ಅಂಗಳಗಳಲ್ಲಿ ಮುಳ್ಳುಪೊದೆ ಬೆಳೆಯಿತು. 1923ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಣೆಯಾದರೂ ಕಟ್ಟಡ ಪೂರ್ತಿಯಾಗಿ ಮತ್ತೆ ಬಳಕೆಗೆ ಬಂದದ್ದು 2004ರಲ್ಲಿ, ಅದು ಪರಾದೋರ್ ಹೋಟೆಲ್ ಆದಾಗ. ಪರಾದೋರ್‌ಗಳು ಸ್ಪೇನ್ ಸರ್ಕಾರದ ಒಡೆತನದ ಹೋಟೆಲುಗಳು. ಮೊದಲನೆಯದು 1928ರಲ್ಲಿ ಗ್ರೇದೋಸ್ ಬೆಟ್ಟಗಳಲ್ಲಿ ತೆರೆಯಿತು. ಇಂದು ಕೋಟೆ, ಅರಮನೆ, ಮಠಗಳೆಲ್ಲ ಸೇರಿ ನೂರರ ಸಮೀಪ ಇವೆ. ಇಲ್ಲಿ ಕೋಣೆ ಹಿಡಿಯದವರೂ ಒಳಗೆ ಬಂದು, ಅಂಗಳಗಳಲ್ಲಿ ಸುತ್ತಾಡಿ, ಒಂದು ಕಾಫಿ ಕುಡಿದು ಹೋಗಬಹುದು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದೇ. ಮಠವನ್ನು ಹೋಟೆಲ್ ಮಾಡುವುದು ಒಪ್ಪತಕ್ಕದ್ದೋ ಅಲ್ಲವೋ ಎಂಬುದನ್ನು ನಾನು ಅಳೆಯುವುದು ಹಾಸಿಗೆಯ ಮೆತ್ತನೆಯಿಂದಲ್ಲ. ಹಣ ಕೊಡದವನಿಗೂ ಅಂಗಳದ ಬಾಗಿಲು ತೆರೆದಿದೆಯೇ ಎಂಬುದರಿಂದ.

ಬೇರೆ ಕಡೆ ಹೀಗೆ ತಂಗಿದವರು ದಯವಿಟ್ಟು ಬರೆಯಿರಿ.

ಕಲ್ಲುಗಾರೆ:

ನಾನು ಪೋರ್ಚುಗಲ್‌ನ ಉತ್ತರ ಭಾಗದಲ್ಲಿ ಹಳೆಯ ಕಟ್ಟಡಗಳ ಸಂರಕ್ಷಣೆಯ ಕೆಲಸದಲ್ಲಿದ್ದೇನೆ. ಪಶ್ಚಿಮವಾಹಿನಿಯವರು ಹೇಳಿದ ಅಳತೆಗೋಲಿನ ಜೊತೆಗೆ ಇನ್ನೊಂದನ್ನು ಸೇರಿಸಬಯಸುತ್ತೇನೆ: ಕಟ್ಟಡದ ಮೈಗೆ ಏನು ಮಾಡಿದ್ದಾರೆ ಎಂಬುದು.

ಸನ್ಯಾಸಿಯ ಕೋಣೆಗೆ ಒಂದು ಕಿಟಕಿ, ಒಂದು ಬಾಗಿಲು ಇದ್ದರೆ ಸಾಕಾಗಿತ್ತು. ಹೋಟೆಲ್ ಕೋಣೆಗೆ ಸ್ನಾನಗೃಹ, ಬಿಸಿನೀರು, ಚರಂಡಿ ಕೊಳವೆ, ವಿದ್ಯುತ್ ತಂತಿ, ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳುವ ದಾರಿ ಎಲ್ಲವೂ ಬೇಕು. ಒಂದು ಮೀಟರ್ ದಪ್ಪದ ಕಲ್ಲುಗೋಡೆಯಲ್ಲಿ ಇವನ್ನೆಲ್ಲ ಕೂರಿಸಲು ಗೋಡೆಯನ್ನೇ ಕೊರೆದರೆ ಅದು ಮತ್ತೆ ಸರಿಪಡಿಸಲಾಗದ ಹಾನಿ. ಒಳ್ಳೆಯ ಕೆಲಸಗಾರರು ಸ್ನಾನಗೃಹವನ್ನು ಕೋಣೆಯೊಳಗೆ ಬೇರೆಯೇ ಪೆಟ್ಟಿಗೆಯಂತೆ ನಿಲ್ಲಿಸುತ್ತಾರೆ. ನಾಳೆ ಬೇಡವೆಂದರೆ ಅದನ್ನು ಬಿಚ್ಚಿ ತೆಗೆಯಬಹುದು, ಹಳೆಯ ಗೋಡೆ ಹಾಗೆಯೇ ಉಳಿದಿರುತ್ತದೆ. ಇನ್ನೊಂದು ಗಮನಿಸಬೇಕಾದ ಸಂಗತಿ ಗಾರೆ. ಈ ಗೋಡೆಗಳನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಅದು ನೆಲದಿಂದ ಏರುವ ತೇವವನ್ನು ಹೊರಗೆ ಬಿಡುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಅನೇಕ ಕಡೆ ಅವಸರಕ್ಕೆ ಸಿಮೆಂಟ್ ಬಳಿದರು. ಸಿಮೆಂಟು ತೇವವನ್ನು ಒಳಗೇ ಹಿಡಿದಿಡುವುದರಿಂದ ಉಪ್ಪು ಕಲ್ಲಿನೊಳಗೆ ಹರಳುಗಟ್ಟಿ, ಮೇಲ್ಪದರ ಹಕ್ಕಳೆಯಾಗಿ ಉದುರುತ್ತದೆ. ಗಲೀಸಿಯಾದಂಥ ಮಳೆನಾಡಿನಲ್ಲಿ ಇದರ ಪರಿಣಾಮ ಬಹಳ ಬೇಗ ಕಾಣುತ್ತದೆ.

ಪೋರ್ಚುಗಲ್‌ನಲ್ಲಿ ಈ ವಿಷಯಕ್ಕೆ ಅತಿ ದೊಡ್ಡ ಉದಾಹರಣೆ ಬ್ರಾಗಾ ನಗರದ ಸಮೀಪ ಅಮಾರೆಸ್‌ನಲ್ಲಿರುವ ಸಾಂತಾ ಮರಿಯಾ ದು ಬೊರು ಎಂಬ ಸಿಸ್ಟರ್ಸಿಯನ್ ಪಂಥದ ಮಠ. ಪೋರ್ಚುಗಲ್ ಸರ್ಕಾರ 1834ರಲ್ಲಿ ಪುರುಷ ಸನ್ಯಾಸಿಗಳ ಪಂಥಗಳನ್ನು ವಿಸರ್ಜಿಸಿದ ಮೇಲೆ ಅದೂ ಪಾಳುಬಿತ್ತು. ಅದನ್ನು ಹೋಟೆಲ್ ಮಾಡುವ ಹೊಣೆ ಹೊತ್ತ ವಾಸ್ತುಶಿಲ್ಪಿ ಎದುವಾರ್ದು ಸೊತು ದ ಮೊರಾ ಅವರು ಅಸಾಧಾರಣ ನಿರ್ಧಾರವೊಂದನ್ನು ತೆಗೆದುಕೊಂಡರು: ಹಳೆಯ ಇಳಿಜಾರು ಛಾವಣಿಯನ್ನು ಮತ್ತೆ ಕಟ್ಟಲಿಲ್ಲ. ಸಮತಟ್ಟಾದ ಛಾವಣಿ ಹಾಕಿ ಅದರ ಮೇಲೆ ಹುಲ್ಲು ಬೆಳೆಯಲು ಬಿಟ್ಟರು. ಅಂಗಳದ ಕಮಾನುಗಳನ್ನು ಛಾವಣಿಯಿಲ್ಲದ ಅವಶೇಷವಾಗಿಯೇ ಉಳಿಸಿದರು. ದೂರದಿಂದ ನೋಡಿದರೆ ಇಂದಿಗೂ ಅದು ಪಾಳುಬಿದ್ದ ಮಠದಂತೆಯೇ ಕಾಣುತ್ತದೆ. 1997ರಲ್ಲಿ ಕೆಲಸ ಮುಗಿದಾಗ ಇದನ್ನು ಮೆಚ್ಚಿದವರೂ ಇದ್ದರು, ಮಠಕ್ಕೆ ಮಠದ ರೂಪವನ್ನೇ ಹಿಂದಿರುಗಿಸಲಿಲ್ಲವೆಂದು ಬೇಸರಗೊಂಡವರೂ ಇದ್ದರು. ಸೊತು ದ ಮೊರಾ ಅವರಿಗೆ 2011ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಗೌರವವೆನಿಸಿದ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ನೂರೈವತ್ತು ವರ್ಷಗಳ ಪಾಳು ಕೂಡ ಆ ಕಟ್ಟಡದ ಇತಿಹಾಸವೇ ಆಗಿರುವುದರಿಂದ, ಅದನ್ನು ಮುಚ್ಚಿಡದ ಬೊರು ಹೆಚ್ಚು ಪ್ರಾಮಾಣಿಕವಾದ ಕೆಲಸ.

ಆದರೆ ಪೋರ್ಚುಗಲ್‌ನಲ್ಲಿ ಸರ್ಕಾರ ಇಂಥ ಹೋಟೆಲುಗಳ ನಿರ್ವಹಣೆಯನ್ನು 2003ರಲ್ಲಿ ಖಾಸಗಿ ಸಮೂಹವೊಂದಕ್ಕೆ ವಹಿಸಿತು. ಒಡೆತನದ ವಿಷಯದಲ್ಲಿ ಸ್ಪೇನಿನ ದಾರಿಯೇ ನನಗೆ ಹೆಚ್ಚು ಒಪ್ಪಿಗೆ.

ಬಯಲುಸೀಮೆ:

ಇಬ್ಬರೂ ಬಹಳ ಚೆನ್ನಾಗಿ ಬರೆದಿದ್ದೀರಿ. ಆದರೂ ನನ್ನ ಮನಸ್ಸು ಒಪ್ಪುತ್ತಿಲ್ಲ, ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಬೆನೆಡಿಕ್ಟನ ನಿಯಮದ ಪ್ರಕಾರ ಸನ್ಯಾಸಿಗೆ ತನ್ನದೆಂದು ಹೇಳಿಕೊಳ್ಳಲು ಒಂದು ಪುಸ್ತಕವಾಗಲಿ ಒಂದು ಲೇಖನಿಯಾಗಲಿ ಇರಕೂಡದು. ಎಲ್ಲವನ್ನೂ ಬಿಟ್ಟು ಬಂದವರು ಬಾಳಿದ ಕೋಣೆಯಲ್ಲಿ, ಎಲ್ಲ ಸೌಕರ್ಯಗಳನ್ನೂ ಕೊಂಡುಕೊಳ್ಳಬಲ್ಲವರು ಮಲಗುವುದು ಆ ಜಾಗಕ್ಕೆ ಮಾಡುವ ಅಗೌರವವೆಂದು ನನಗನಿಸುತ್ತದೆ. ಇಟಲಿಯ ಒಂದು ಊರಿನಲ್ಲಿ ನಾನು ತಂಗಿದ್ದ ಮಠದ ಹೋಟೆಲಿನಲ್ಲಿ (ಹೆಸರು ಹೇಳಲು ಇಷ್ಟವಿಲ್ಲ) ಪ್ರಾರ್ಥನಾ ಮಂದಿರದಲ್ಲೇ ಮದ್ಯದ ಕೌಂಟರ್ ಇಟ್ಟಿದ್ದರು. ಗೋಡೆಯ ಮೇಲಿನ ಸಂತರ ಚಿತ್ರಗಳ ಮೇಲೆ ಬಣ್ಣಬಣ್ಣದ ದೀಪ ಹಾಯಿಸಿದ್ದರು. ಅಲ್ಲಿ ಇನ್ನೊಂದು ದಿನ ಇರಲು ನನ್ನಿಂದಾಗಲಿಲ್ಲ.

ಗಲೀಸಿಯಾಕ್ಕೆ ಹೋಗುವವರು ಅದೇ ಓರೆನ್ಸೆ ಪ್ರಾಂತದ ಓಸೆಯ್ರಾ ಮಠವನ್ನು ಏಕೆ ನೋಡಬಾರದು? ಅದೂ 1835ರಲ್ಲಿ ಮುಚ್ಚಿತ್ತು. ಆದರೆ 1929ರಲ್ಲಿ ಟ್ರ್ಯಾಪಿಸ್ಟ್ ಸನ್ಯಾಸಿಗಳು (ಸಿಸ್ಟರ್ಸಿಯನ್ ಪಂಥದ ಕಟ್ಟುನಿಟ್ಟಿನ ಶಾಖೆಯವರು) ಹಿಂತಿರುಗಿ ಬಂದು, ದಶಕಗಳ ಕಾಲ ತಾವೇ ದುಡಿದು ಅದನ್ನು ಎತ್ತಿ ನಿಲ್ಲಿಸಿದರು. ಅಲ್ಲಿ ಇಂದಿಗೂ ದಿನದ ಪ್ರಾರ್ಥನೆಗಳು ನಡೆಯುತ್ತವೆ, ಸರಳವಾದ ಅತಿಥಿಗೃಹವೂ ಇದೆ. ಮಠವನ್ನು ಉಳಿಸಲು ಹೋಟೆಲೊಂದೇ ದಾರಿ ಎಂಬ ವಾದಕ್ಕೆ ಓಸೆಯ್ರಾವೇ ಉತ್ತರ.

ಪಶ್ಚಿಮವಾಹಿನಿ:

ಬಯಲುಸೀಮೆಯವರೇ, ಓಸೆಯ್ರಾದ ವಿಷಯದಲ್ಲಿ ನಿಮ್ಮ ಮಾತು ಪೂರ್ಣ ನಿಜ. ಸನ್ಯಾಸಿಗಳು ಹಿಂತಿರುಗಲು ಸಿದ್ಧರಿರುವ ಕಡೆ ಅದಕ್ಕಿಂತ ಒಳ್ಳೆಯ ಜೀರ್ಣೋದ್ಧಾರ ಬೇರೊಂದಿಲ್ಲ. ಆದರೆ ಸಿಲ್ ಕಣಿವೆಯ ಸುತ್ತಲಿನ ಸೀಮೆಗೆ ರಿಬೆಯ್ರಾ ಸಾಕ್ರಾ ಎಂದು ಹೆಸರು. ಅಲ್ಲಿ ಒಂದೊಂದು ಗುಡ್ಡದ ಮರೆಯಲ್ಲಿ ಒಂದೊಂದು ಮಠವಿತ್ತು. ಅವೆಲ್ಲಕ್ಕೂ ಮತ್ತೆ ಸನ್ಯಾಸಿಗಳು ಬರುವ ಕಾಲ ಇದಲ್ಲ. ಹಾಗಿರುವಾಗ ಮೂರು ಅಂಗಳಗಳ ಛಾವಣಿಯನ್ನು ಪ್ರತಿ ಮಳೆಗಾಲದ ನಂತರ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ.

ಸರಳ ಬದುಕಿನ ಬಗ್ಗೆಯೂ ಒಂದು ಮಾತು. ಒಬ್ಬೊಬ್ಬ ಸನ್ಯಾಸಿಯೂ ಬಡವನೇ ಆಗಿದ್ದಿರಬಹುದು, ಆದರೆ ಮಠ ಬಡವಾಗಿರಲಿಲ್ಲ. ಗಲೀಸಿಯಾದ ಮಠಗಳು ದೊಡ್ಡ ಭೂಮಾಲೀಕರಾಗಿದ್ದವು. ರೈತರು ತಲೆತಲಾಂತರದ ಗೇಣಿಗೆ ಭೂಮಿ ಪಡೆದು, ದ್ರಾಕ್ಷಾರಸ, ಧಾನ್ಯಗಳ ರೂಪದಲ್ಲಿ ಪಾಲು ಒಪ್ಪಿಸುತ್ತಿದ್ದರು. ಸಿಲ್ ನದಿಯ ಕಡಿದಾದ ದಡದಲ್ಲಿ ಕಲ್ಲಿನ ಕಟ್ಟೆಗಳನ್ನು ಕಟ್ಟಿ, ಬೆನ್ನ ಮೇಲೆ ದ್ರಾಕ್ಷಿ ಹೊತ್ತು ಏರಿದವರ ದುಡಿಮೆಯೇ ಆ ನವೋದಯ ಅಂಗಳಗಳಾಗಿ, ಮಠದ ಭವ್ಯ ಮೆಟ್ಟಿಲುಸಾಲಾಗಿ ನಿಂತಿದೆ. 1836ರ ಹರಾಜಿನಿಂದಲೂ ಅವರಿಗೆ ಬಿಡುಗಡೆ ಸಿಗಲಿಲ್ಲ. ಆಗಿನ ಪ್ರಧಾನಿ ಮೆಂದಿಸಾಬಲ್ ಅವರಿಗೆ ಸರ್ಕಾರದ ಸಾಲ ತೀರಿಸಲೂ ಸಿಂಹಾಸನಕ್ಕಾಗಿ ಬಂಡೆದ್ದಿದ್ದ ರಾಜಕುಮಾರ ಕಾರ್ಲೋಸನ ಪಕ್ಷದವರಾದ ಕಾರ್ಲಿಸ್ಟರ ವಿರುದ್ಧದ ಯುದ್ಧ ನಡೆಸಲೂ ಹಣ ಬೇಕಿತ್ತು; ಕೈಯಲ್ಲಿ ಹಣವಿದ್ದ ಪಟ್ಟಣಿಗರು ಹರಾಜಿನಲ್ಲಿ ಕೊಂಡರು, ರೈತನ ಗೇಣಿ ಮಠದ ಬದಲು ಹೊಸ ಒಡೆಯನಿಗೆ ಸಲ್ಲತೊಡಗಿತು. ಆ ಗೇಣಿ ಪದ್ಧತಿಗೆ ಕಾನೂನಿನ ತೆರೆ ಬಿದ್ದದ್ದು 1926ರಲ್ಲಿ. ಅಗೌರವದ ಲೆಕ್ಕ ಹಾಕುವುದಾದರೆ, ಈ ಕಟ್ಟಡವನ್ನು ಯಾರ ಬೆವರಿನಿಂದ ಕಟ್ಟಿದರೋ ಅವರ ಹೆಸರು ಅದರಲ್ಲೆಲ್ಲೂ ಇಲ್ಲದಿರುವುದು ನನಗೆ ಹೆಚ್ಚು ನೋವು ಕೊಡುವ ಸಂಗತಿ. ಅವರ ಮೊಮ್ಮಕ್ಕಳ ಮಕ್ಕಳು ಇಂದು ಭಾನುವಾರ ಮಧ್ಯಾಹ್ನ ಅದೇ ಅಂಗಳದಲ್ಲಿ ಕಾಫಿ ಕುಡಿಯುತ್ತ ಕೂರಬಹುದೆನ್ನುವುದನ್ನು ನಾನು ಸಣ್ಣ ವಿಷಯವೆಂದು ಭಾವಿಸಲಾರೆ.

ಪ್ರಾರ್ಥನಾ ಮಂದಿರದಲ್ಲಿ ಮದ್ಯದ ಕೌಂಟರ್ ಇಡುವುದನ್ನು ನಾನೂ ಒಪ್ಪುವುದಿಲ್ಲ. ಸಾಂತೊ ಎಸ್ತೆವೊದಲ್ಲಿ ಇಗರ್ಜಿ ಹೋಟೆಲಿನ ಭಾಗವಲ್ಲ. ಅದು ಊರಿನ ಇಗರ್ಜಿಯಾಗಿಯೇ ಉಳಿದಿದೆ.

ದಾಳಿಂಬೆ:

ದಕ್ಷಿಣ ಸ್ಪೇನಿನ ಗ್ರನಾದಾದಲ್ಲಿ ಓದುತ್ತಿರುವ ನನಗೆ ಈ ಚರ್ಚೆ ಬಹಳ ಹತ್ತಿರವಾಯಿತು. ಇಲ್ಲಿ ಆಲಂಬ್ರಾ ಕೋಟೆಯ ಒಳಗೇ ಒಂದು ಪರಾದೋರ್ ಇದೆ, ಅದೂ ಹಿಂದೆ ಸಂತ ಫ್ರಾನ್ಸಿಸನ ಪಂಥದವರ ಮಠವಾಗಿತ್ತು. ಆದರೆ ಆ ಮಠವೇ ಹಿಂದೆ ಗ್ರನಾದಾವನ್ನು ಆಳಿದ ನಸ್ರಿದ್ ಎಂಬ ಮುಸ್ಲಿಂ ರಾಜವಂಶದ ಸುಲ್ತಾನರ ಅರಮನೆಯೊಂದನ್ನು ಮಾರ್ಪಡಿಸಿ ಕಟ್ಟಿದ್ದು. 1492ರಲ್ಲಿ ಗ್ರನಾದಾ ಕ್ರೈಸ್ತ ದೊರೆಗಳ ವಶವಾದ ನಂತರದ ಕೆಲಸವದು. ಆ ದೊರೆಗಳಲ್ಲೊಬ್ಬಳಾದ, 1504ರಲ್ಲಿ ತೀರಿಕೊಂಡ ರಾಣಿ ಇಸಬೆಲ್ಲಾಳನ್ನು ಅವಳ ಇಚ್ಛೆಯಂತೆ ಇಲ್ಲಿಯೇ ಮಣ್ಣು ಮಾಡಿದ್ದರು. 1521ರಲ್ಲಿ ಅವಳ ಅವಶೇಷಗಳನ್ನು ನಗರದ ರಾಜ ಪ್ರಾರ್ಥನಾ ಮಂದಿರಕ್ಕೆ ಸಾಗಿಸಿದರು. ಆ ಮೊದಲ ಸಮಾಧಿಯ ಸ್ಥಳವನ್ನು ಸೂಚಿಸುವ ಕಲ್ಲು ಈಗಲೂ ಇದೆ, ಅದರ ಬಳಿಯಲ್ಲೇ ನಸ್ರಿದ್ ಕಾಲದ ಜೇನುಗೂಡಿನಂಥ ಗಚ್ಚಿನ ಕೆತ್ತನೆ ಇದೆ. 1920ರ ದಶಕದ ಕೊನೆಗೆ ವಾಸ್ತುಶಿಲ್ಪಿ ಲಿಯೊಪೋಲ್ದೊ ತೊರ್ರೆಸ್ ಬಲ್ಬಾಸ್ ಅವರು ಕಟ್ಟಡವನ್ನು ದುರಸ್ತಿ ಮಾಡಿದ್ದು ಭೂದೃಶ್ಯ ಚಿತ್ರಕಾರರ ವಸತಿಗೆಂದು. 1945ರಲ್ಲಿ ಅದು ಪರಾದೋರ್ ಆಯಿತು.

ಬಯಲುಸೀಮೆಯವರ ಮಾತನ್ನು ಓದುವಾಗ ನನಗೆ ಬಂದ ಯೋಚನೆ ಇದು: ಮಠಕ್ಕಾದ ಅಗೌರವದ ಬಗ್ಗೆ ಮಾತನಾಡುವಾಗ, ಆ ಮಠ ಯಾರ ಮನೆಯ ಮೇಲೆ ನಿಂತಿತು ಎಂಬುದನ್ನೂ ಕೇಳಬೇಕಲ್ಲವೇ? ಗ್ರನಾದಾದಲ್ಲಿ ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲು ಸಾಧ್ಯವೇ ಇಲ್ಲ. ಕೋಣೆಯ ಬಾಡಿಗೆ ನನ್ನಂಥ ವಿದ್ಯಾರ್ಥಿಗೆ ನಿಲುಕುವಂಥದ್ದಲ್ಲ; ಅಂಗಳವನ್ನೂ ಸಮಾಧಿಯ ಕಲ್ಲನ್ನೂ ನೋಡಲು ಯಾರೂ ಅಡ್ಡಿಪಡಿಸಿಲ್ಲ.

ಬಯಲುಸೀಮೆ:

ದಾಳಿಂಬೆಯವರ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ರೈತರ ಗೇಣಿಯ ವಿಷಯವೂ ನನಗೆ ಹೊಸತು. ಮಲಗುವ ಕೋಣೆಯ ವಿಷಯದಲ್ಲಿ ನನ್ನ ಅಳುಕು ಹಾಗೆಯೇ ಇದೆ. ಆದರೆ ಊರಿನವರಿಗೆ ಅಂಗಳ ತೆರೆದಿರಬೇಕೆಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಮನೆಮಂದಿ:

ಚರ್ಚೆಯ ನಡುವೆ ವ್ಯಾವಹಾರಿಕ ಪ್ರಶ್ನೆ ಕೇಳುತ್ತಿರುವುದಕ್ಕೆ ಕ್ಷಮೆಯಿರಲಿ. ಮುಂದಿನ ಶರತ್ಕಾಲದಲ್ಲಿ ಅಮ್ಮನನ್ನು ಕರೆದುಕೊಂಡು ಮ್ಯಾಡ್ರಿಡ್‌ನಿಂದ ಸಾಂತೊ ಎಸ್ತೆವೊಗೆ ಹೋಗುವ ಆಲೋಚನೆಯಿದೆ. ಅಮ್ಮ ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ, ಮೊಣಕಾಲು ನೋವು ಬೇರೆ. ಅವರಿಗೆ ಈ ಸ್ಥಳ ಹೊಂದುತ್ತದೆಯೇ?

ಪಶ್ಚಿಮವಾಹಿನಿ:

ಖಂಡಿತ ಕರೆದುಕೊಂಡು ಹೋಗಿ. 2021ರ ಡಿಸೆಂಬರಿನಿಂದ ಮ್ಯಾಡ್ರಿಡ್‌–ಓರೆನ್ಸೆ ನಡುವೆ ಅತಿವೇಗದ ರೈಲು ಓಡುತ್ತಿದೆ. ಎರಡೂಕಾಲು, ಎರಡೂವರೆ ಗಂಟೆಯ ಪ್ರಯಾಣ. ಅಲ್ಲಿಂದ ಮುಂದೆ ಬಸ್ಸನ್ನು ನಂಬಬೇಡಿ. ಕಾರು ಬಾಡಿಗೆಗೆ ಪಡೆಯಿರಿ ಅಥವಾ ಟ್ಯಾಕ್ಸಿಗೆ ಮೊದಲೇ ಹೇಳಿಡಿ. ಮಧ್ಯಾಹ್ನವೇ ಹೊರಡುವುದು ಒಳ್ಳೆಯದು, ಏಕೆಂದರೆ ಸಂಜೆಯ ಮೇಲೆ ಕಣಿವೆಯಿಂದ ಮಂಜು ಏರಿದರೆ ತಿರುವುಗಳು ಕಾಣಿಸುವುದಿಲ್ಲ. ಚಳಿಗಾಲದಲ್ಲಿ ಕೆಲವು ವಾರ ಹೋಟೆಲ್ ಮುಚ್ಚಿರುವುದುಂಟು, ಶರತ್ಕಾಲದಲ್ಲಿ ಆ ತೊಂದರೆಯಿಲ್ಲ. 55 ವರ್ಷ ದಾಟಿದವರಿಗೆ ಪರಾದೋರ್‌ಗಳಲ್ಲಿ ಕೆಲವು ದಿನಗಳಂದು ಬಾಡಿಗೆಯಲ್ಲಿ ರಿಯಾಯಿತಿ ಇರುತ್ತದೆ. ಅಮ್ಮನ ಹೆಸರಿನಲ್ಲಿ ಕಾಯ್ದಿರಿಸುವಾಗ ವಿಚಾರಿಸಿ.

ಊಟದ ವಿಷಯದಲ್ಲಿ ಎಚ್ಚರ ಅಗತ್ಯ. ಗಲೀಸಿಯಾದವರ ಹೆಮ್ಮೆಯ ಸೊಪ್ಪು-ಆಲೂಗಡ್ಡೆಯ ಸಾರು, ಕಾಲ್ದೊ ಗಾಯೆಗೊ, ನೋಡಲು ಸಸ್ಯಾಹಾರದಂತೆ ಕಂಡರೂ ಅದರಲ್ಲಿ ಹಂದಿಯ ಕೊಬ್ಬು ಇರುತ್ತದೆ. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಸಲಾಡಿಗೆ ಟ್ಯೂನಾ ಮೀನು ಹಾಕಿ ತರುವವರೂ ಸ್ಪೇನಿನಲ್ಲಿದ್ದಾರೆ. ಆದ್ದರಿಂದ ಮಾಂಸ, ಮೀನು, ಮೊಟ್ಟೆ, ಹಂದಿಕೊಬ್ಬು ಯಾವುದೂ ಬೇಡವೆಂದು ಒಂದೊಂದನ್ನೂ ಹೆಸರಿಸಿ, ಸ್ಪ್ಯಾನಿಷ್‌ನಲ್ಲಿ ಬರೆದು ಮುಂಚಿತವಾಗಿಯೇ ಹೋಟೆಲಿಗೆ ಕಳುಹಿಸಿ. ಪಾದ್ರೋನ್ ಎಂಬ ಊರಿನ ಸಣ್ಣ ಹಸಿರು ಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಹುರಿದು ಕಲ್ಲುಪ್ಪು ಉದುರಿಸಿ ಕೊಡುತ್ತಾರೆ, ಅದು ಅಮ್ಮನಿಗೆ ಖಂಡಿತ ಹಿಡಿಸುತ್ತದೆ. ಎಲ್ಲೋ ಒಂದೊಂದು ಮಾತ್ರ ಖಾರವಿರುತ್ತದೆ. ಬ್ರೆಡ್ಡು, ತೆತೀಯಾ ಎಂಬ ಮೆತ್ತನೆಯ ಚೀಸ್, ಆ ಕಾಲದಲ್ಲಿ ಸುಟ್ಟ ಚೆಸ್ಟ್‌ನಟ್ ಸಿಗುತ್ತವೆ. ಚೀಸ್ ಮಾಡುವಾಗ ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದು ಸಾಮಾನ್ಯವಾದ್ದರಿಂದ ಅದನ್ನೂ ಕೇಳಿ. ಸಾಂತಿಯಾಗೊ ಬಾದಾಮಿ ಕೇಕಿನಲ್ಲಿ ಮೊಟ್ಟೆಯಿದೆ, ಕೊಡಬೇಡಿ. ರಾತ್ರಿಯ ಊಟ ಎಂಟೂವರೆಗೆ ಮೊದಲು ಸಿಗುವುದು ಕಷ್ಟ. ಅಮ್ಮ ಬೇಗ ಉಣ್ಣುವವರಾದರೆ ಓರೆನ್ಸೆಯ ಮಾರುಕಟ್ಟೆಯಲ್ಲಿ ಹಣ್ಣು, ಮೊಸರು ತೆಗೆದುಕೊಂಡೇ ಹೊರಡಿ.

ಕಲ್ಲುಗಾರೆ:

ಮೊಣಕಾಲಿನ ಬಗ್ಗೆ ಒಂದು ಸಲಹೆ. ಇಂಥ ಕಟ್ಟಡಗಳಲ್ಲಿ ಲಿಫ್ಟ್ ಇದ್ದರೂ ಅದು ಎಲ್ಲ ಕೋಣೆಗಳ ಬಾಗಿಲವರೆಗೆ ತಲುಪುವುದಿಲ್ಲ. ಬೇರೆ ಬೇರೆ ಶತಮಾನಗಳಲ್ಲಿ ಕಟ್ಟಿದ ಭಾಗಗಳ ನೆಲಮಟ್ಟ ಒಂದೇ ಇರುವುದಿಲ್ಲ. ಲಿಫ್ಟಿನ ಹತ್ತಿರ, ನಡುವೆ ಮೆಟ್ಟಿಲಿಲ್ಲದ ಕೋಣೆ ಬೇಕೆಂದು ಕಾಯ್ದಿರಿಸುವಾಗಲೇ ಬರೆಯಿರಿ. ಅಂಗಳಗಳ ಕಲ್ಲುಹಾಸು ಮಳೆಯಲ್ಲಿ ಜಾರುತ್ತದೆ, ಅಮ್ಮನಿಗೆ ಹಿಡಿತವಿರುವ ಚಪ್ಪಲಿ ಇರಲಿ.

ಸಮಯವಿದ್ದರೆ ಹತ್ತಿರದ ಸಾನ್ ಪೆದ್ರೊ ದೆ ರೋಕಾಸ್ ನೋಡಿ. ಬಂಡೆಯನ್ನು ಕೊರೆದು ಮಾಡಿದ ಇಗರ್ಜಿ ಅದು. ಅಲ್ಲಿ ಸಿಕ್ಕಿದ ಶಾಸನಫಲಕದಲ್ಲಿ 573ರ ಇಸವಿ ಇದೆ. ಕಾಡಿನೊಳಗಿನ ಸಾಂತಾ ಕ್ರಿಸ್ತೀನಾ ಮಠ ಇನ್ನೂ ಚೆಲುವಾದದ್ದು, ಆದರೆ ಅಲ್ಲಿಗೆ ಇಳಿಜಾರಿನಲ್ಲಿ ನಡೆಯಬೇಕು.

ಮನೆಮಂದಿ:

ಎಲ್ಲರಿಗೂ ಧನ್ಯವಾದಗಳು. ಕೋಣೆಯ ವಿಷಯವನ್ನೂ ಊಟದ ವಿಷಯವನ್ನೂ ಸೇರಿಸಿ ಇಂದೇ ಹೋಟೆಲಿಗೆ ಪತ್ರ ಬರೆಯುತ್ತೇನೆ. ಓಸೆಯ್ರಾಕ್ಕೂ ಒಂದು ದಿನ ಇಟ್ಟುಕೊಂಡಿದ್ದೇವೆ. ಅಲ್ಲಿನ ಪ್ರಾರ್ಥನೆ ಕೇಳಬೇಕೆಂದು ಅಮ್ಮನೇ ಹೇಳಿದರು.